ಅರಿಶಿನದ ಹಕ್ಕು ಗೆದ್ದೆವು, ಅರಿಶಿನದ ಉದ್ಯಮ ಎಲ್ಲಿದೆ?

ಹನೂರಿನಿಂದ ಕೊಳ್ಳೇಗಾಲದ ಕಡೆಗೆ ಬರುವವರಿಗಾಗಲಿ, ಯಳಂದೂರಿನ ನೀರಾವರಿ ಜಮೀನುಗಳ ನಡುವೆ ಸಂಚರಿಸುವವರಿಗಾಗಲಿ ಅರಿಶಿನದ ಹೊಲ ಹೊಸ ನೋಟವಲ್ಲ. ಕಿತ್ತ ಅರಿಶಿನವನ್ನು ಬೇಯಿಸಿ, ಕಣದಲ್ಲಿ ಹರಡಿ ಒಣಗಿಸಿ, ಉಜ್ಜಿ ಹೊಳಪು ಬರಿಸಿ, ಮೂಟೆ ಕಟ್ಟಿ ಗಡಿಯಾಚೆಯ ಈರೋಡ್ ಮಾರುಕಟ್ಟೆಗೆ ಸಾಗಿಸುವುದು ಈ ಭಾಗದ ರೈತರ ಹಳೆಯ ರೂಢಿ. ನಮ್ಮ ಮನೆಗಳಲ್ಲಿಯೂ ಅಷ್ಟೇ. ಮಗುವಿನ ಮೊಣಕಾಲು ತರಚಿದರೆ ತಾಯಿಯ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೆ. ಇದನ್ನು ಅವಳಿಗೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಿಲ್ಲ.

ಹೀಗಿರುವಾಗ 1995ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು, ಗಾಯ ಮಾಯಲು ಅರಿಶಿನವನ್ನು ಬಳಸುವ ವಿಧಾನಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದ ಹೆಸರಿನಲ್ಲಿ ಪೇಟೆಂಟ್ ನೀಡಿಬಿಟ್ಟಿತು. ನಮ್ಮ ಅಜ್ಜಿಯಂದಿರು ಶತಮಾನಗಳಿಂದ ಮಾಡಿಕೊಂಡು ಬಂದದ್ದು ಅಲ್ಲಿ ಹೊಸ ಸಂಶೋಧನೆ ಎನಿಸಿಕೊಂಡಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಇದನ್ನು ಪ್ರಶ್ನಿಸಿತು. ಅದು ಮುಂದಿಟ್ಟ ಮೂವತ್ತಕ್ಕೂ ಹೆಚ್ಚು ದಾಖಲೆಗಳಲ್ಲಿ ಸಂಸ್ಕೃತ ಮತ್ತು ಹಿಂದಿಯ ಜೊತೆಗೆ ಉರ್ದು ಭಾಷೆಯ ಬರಹಗಳೂ ಇದ್ದವು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬಡ ರಾಷ್ಟ್ರವೊಂದು ತನ್ನ ಪಾರಂಪರಿಕ ಜ್ಞಾನದ ಆಧಾರದಲ್ಲಿ ಅಮೆರಿಕದ ಪೇಟೆಂಟೊಂದನ್ನು ಉರುಳಿಸಿದ್ದು ಸಣ್ಣ ಸಂಗತಿಯಲ್ಲ. ದೇಶ ಅದನ್ನು ಸಂಭ್ರಮಿಸಿತು. ಸಂಭ್ರಮಿಸಬೇಕಾದದ್ದೇ.

ಆದರೆ ಸುಮಾರು ಮೂರು ದಶಕಗಳ ಬಳಿಕ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ಗೆಲುವಿನಿಂದ ಹನೂರಿನ ಅರಿಶಿನ ಬೆಳೆಗಾರನಿಗೆ ಏನು ದೊರೆಯಿತು? ಅವನು ಇಂದಿಗೂ ಬೇಯಿಸುತ್ತಾನೆ, ಒಣಗಿಸುತ್ತಾನೆ, ಮೂಟೆ ಕಟ್ಟುತ್ತಾನೆ, ಪರವೂರಿನ ಮಂಡಿಯವರು ಹೇಳಿದ ದರಕ್ಕೆ ಮಾರಿ ಬರುತ್ತಾನೆ. ಅರಿಶಿನದಿಂದ ಕುರ್ಕ್ಯುಮಿನ್ ಬೇರ್ಪಡಿಸಿ ಔಷಧ, ಸೌಂದರ್ಯವರ್ಧಕಗಳನ್ನು ತಯಾರಿಸುವವರ ಲಾಭಕ್ಕೂ ಅವನಿಗೂ ಸಂಬಂಧವಿಲ್ಲ. ವಿಪರ್ಯಾಸವೆಂದರೆ, 2019ರಲ್ಲಿ ಈರೋಡ್ ಅರಿಶಿನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅವರು ದುಡಿದು ಪಡೆದರು, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಮಾರುಕಟ್ಟೆಗೆ ಮೂಟೆ ಹೊತ್ತೊಯ್ಯುವ ನಮ್ಮವರ ಬೆಳೆಗೆ ಊರಿನ ಹೆಸರೂ ಇಲ್ಲ, ಊರಿನಲ್ಲಿ ಉದ್ಯಮವೂ ಇಲ್ಲ.

ಬೌದ್ಧಿಕ ಆಸ್ತಿಯ ಹಕ್ಕು ಎಂಬ ಮಾತು ಕೇಳಿದೊಡನೆ ಅದು ದೆಹಲಿಯ ವಕೀಲರ ಮತ್ತು ಜಿನೀವಾದ ಅಧಿಕಾರಿಗಳ ವಿಷಯವೆಂದು ನಾವು ಪುಟ ತಿರುಗಿಸುತ್ತೇವೆ. ವಾಸ್ತವದಲ್ಲಿ ಅದು ನಮ್ಮ ಔಷಧದ ಚೀಟಿಯ, ನಮ್ಮ ರೇಷ್ಮೆಯ, ನಮ್ಮ ಮಕ್ಕಳ ಉದ್ಯೋಗದ ವಿಷಯ.

ಎರವಲು ಜ್ಞಾನದಿಂದಲೇ ಎದ್ದ ಉದ್ಯಮ

ಕೊಳ್ಳೇಗಾಲಕ್ಕೆ ಅನ್ನ ಕೊಟ್ಟ ರೇಷ್ಮೆಯ ಚರಿತ್ರೆಯನ್ನೇ ನೋಡೋಣ. ರೇಷ್ಮೆಯ ರಹಸ್ಯವನ್ನು ಚೀನಾ ಶತಮಾನಗಳ ಕಾಲ ಹೊರಬಿಡಲಿಲ್ಲ. ಕ್ರಿ.ಶ. 6ನೆಯ ಶತಮಾನದಲ್ಲಿ ಕೆಲವು ಸನ್ಯಾಸಿಗಳು ರೇಷ್ಮೆ ಹುಳುವಿನ ಮೊಟ್ಟೆಗಳನ್ನು ಗುಟ್ಟಾಗಿ ಬೈಝಾಂಟಿಯಮ್‌ಗೆ ಸಾಗಿಸಿದರೆಂದು ಅಂದಿನ ಇತಿಹಾಸಕಾರ ಪ್ರೊಕೋಪಿಯಸ್ ದಾಖಲಿಸಿದ್ದಾನೆ. ಮೈಸೂರು ಸೀಮೆಗೆ ಅದನ್ನು ಯೋಜನಾಬದ್ಧವಾಗಿ ತಂದವರು ಟಿಪ್ಪು ಸುಲ್ತಾನರು. ಮಸ್ಕತ್‌ನಲ್ಲಿದ್ದ ತಮ್ಮ ಪ್ರತಿನಿಧಿಗೆ 1786ರಲ್ಲಿ ಪತ್ರ ಬರೆದು ರೇಷ್ಮೆ ಹುಳುಗಳನ್ನೂ, ಅವುಗಳನ್ನು ಸಾಕಲು ಬಲ್ಲವರನ್ನೂ ಕಳುಹಿಸುವಂತೆ ಅವರು ತಿಳಿಸಿದ್ದರು. ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಇದೇ ಉದ್ದೇಶಕ್ಕೆ ಬಂಗಾಳಕ್ಕೆ ಅಟ್ಟಿದ್ದರು. ಒಬ್ಬ ಮುಸ್ಲಿಮ್, ಒಬ್ಬ ಹಿಂದೂ. ಇಬ್ಬರೂ ಹೋದದ್ದು ಒಂದೇ ವಿದ್ಯೆಯನ್ನು ತರಲು. ರಾಜ್ಯದ 21 ಕಡೆಗಳಲ್ಲಿ ಹುಳು ಸಾಕಣೆಯ ಏರ್ಪಾಟು ಮಾಡಲು ಸುಲ್ತಾನರು ಯೋಜಿಸಿದ್ದರು. ಮುಂದೆ 19ನೆಯ ಶತಮಾನದ ಕೊನೆಯಲ್ಲಿ ಜಮ್ಷೆಡ್‌ಜಿ ಟಾಟಾ ಅವರು ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದರು.

ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಬಂಗಾಳದವರಾಗಲಿ ಜಪಾನಿನವರಾಗಲಿ ಪ್ರತಿ ಗೂಡಿಗೆ ಇಷ್ಟು ಗೌರವಧನ ಕೊಡಿ ಎಂದು ಮೈಸೂರಿನ ರೈತನನ್ನು ಕೇಳಲಿಲ್ಲ. ಕಲಿತವರು ಕಲಿತರು, ಬೆಳೆದವರು ಬೆಳೆದರು. ಇಂದು ನಮಗೆ ಪೇಟೆಂಟಿನ ಪಾಠ ಹೇಳುವ ರಾಷ್ಟ್ರಗಳೂ ಬೆಳೆದದ್ದು ಇದೇ ದಾರಿಯಲ್ಲಿ. ಬ್ರಿಟನ್ನಿನ ನೂಲುವ ಯಂತ್ರಗಳ ಮರ್ಮವನ್ನು ನೆನಪಿನಲ್ಲಿಟ್ಟುಕೊಂಡು 1789ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ ಸ್ಯಾಮ್ಯುಯೆಲ್ ಸ್ಲೇಟರ್‌ನನ್ನು ಅಮೆರಿಕನ್ನರು ತಮ್ಮ ಕೈಗಾರಿಕೆಯ ಪಿತಾಮಹನೆಂದು ಗೌರವಿಸುತ್ತಾರೆ. ಹೊರದೇಶದ ಲೇಖಕರ ಕೃತಿಗಳಿಗೆ ಅಮೆರಿಕ ತನ್ನ ಕಾನೂನಿನಲ್ಲಿ ರಕ್ಷಣೆ ಒದಗಿಸಿದ್ದು 1891ರಲ್ಲಿ. ಅದುವರೆಗೆ ಇಂಗ್ಲೆಂಡಿನ ಪುಸ್ತಕಗಳನ್ನು ಅಲ್ಲಿನ ಮುದ್ರಕರು ಹಕ್ಕಿನ ಹಣ ಕೊಡದೆಯೇ ಅಚ್ಚು ಹಾಕುತ್ತಿದ್ದರು. ನೆದರ್‌ಲ್ಯಾಂಡ್ಸ್ 1869ರಲ್ಲಿ ಪೇಟೆಂಟ್ ಕಾನೂನನ್ನೇ ರದ್ದುಪಡಿಸಿತ್ತು, ಅದು ಮತ್ತೆ ಜಾರಿಗೆ ಬಂದದ್ದು 1912ರಲ್ಲಿ. ಆ ನಡುವಿನ 1891ರಲ್ಲಿಯೇ ಅಲ್ಲಿ ವಿದ್ಯುದ್ದೀಪ ತಯಾರಿಸಲೆಂದು ಫಿಲಿಪ್ಸ್ ಕಂಪೆನಿ ಸ್ಥಾಪನೆಯಾಯಿತು. ಔಷಧ ವಸ್ತುವಿನ ಮೇಲೆಯೇ ಪೇಟೆಂಟ್ ನೀಡಲು ಜಪಾನ್ ಒಪ್ಪಿದ್ದು 1976ರಲ್ಲಿ, ಇಟಲಿ 1978ರಲ್ಲಿ, ಅಂದರೆ ಅವುಗಳ ಔಷಧೋದ್ಯಮ ಬಲಿತ ಮೇಲೆ.

ತಾನು ಏರಿದ ಏಣಿಯನ್ನು ಮೇಲೇರಿದ ಬಳಿಕ ಒದ್ದು ಬೀಳಿಸುವ ಈ ವರ್ತನೆಯನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಲಿಸ್ಟ್ 19ನೆಯ ಶತಮಾನದಲ್ಲೇ ಗುರುತಿಸಿದ್ದ. ದಕ್ಷಿಣ ಕೊರಿಯಾ ಮೂಲದ ಹಾ-ಜೂನ್ ಚಾಂಗ್ ಅದೇ ಹೋಲಿಕೆಯನ್ನು ಹೆಸರಾಗಿಸಿ 2002ರಲ್ಲಿ ಗ್ರಂಥವನ್ನೇ ಬರೆದರು.

1970ರ ಕಾನೂನು ಕೊಟ್ಟದ್ದು

ಬ್ರಿಟಿಷರು ಬಿಟ್ಟುಹೋದ 1911ರ ಪೇಟೆಂಟ್ ಕಾನೂನು ಸ್ವಾತಂತ್ರ್ಯಾನಂತರವೂ ನಮ್ಮ ಮೇಲಿತ್ತು. ಅದನ್ನು ಪರಿಶೀಲಿಸಿದ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ವರದಿ ನೀಡಿದರು. ಭಾರತದಲ್ಲಿನ ಪೇಟೆಂಟುಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶೀಯರ ಕೈಯಲ್ಲಿವೆ, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚಿನವು ಇಲ್ಲಿ ಉತ್ಪಾದನೆಗೆ ಬಳಕೆಯಾಗುತ್ತಲೇ ಇಲ್ಲ ಎಂಬುದು ಅವರು ಕಂಡ ಸತ್ಯ. ಅಂದರೆ ಪೇಟೆಂಟ್ ಇದ್ದದ್ದು ಇಲ್ಲಿ ಕಾರ್ಖಾನೆ ಕಟ್ಟಲಿಕ್ಕಲ್ಲ, ಇಲ್ಲಿ ಬೇರೆ ಯಾರೂ ಕಟ್ಟದಂತೆ ತಡೆಯಲಿಕ್ಕೆ.

ಆ ವರದಿಯ ಫಲವೇ 1970ರ ಪೇಟೆಂಟ್ ಕಾಯ್ದೆ. 1972ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಆಹಾರ ಮತ್ತು ಔಷಧ ವಸ್ತುಗಳ ಮೇಲೆ ಪೇಟೆಂಟ್ ಇಲ್ಲ, ಅವುಗಳನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ ಎಂದು ಆ ಕಾಯ್ದೆ ವಿಧಿಸಿತು. ಒಂದೇ ಔಷಧವನ್ನು ಬೇರೆ ವಿಧಾನದಿಂದ ತಯಾರಿಸಿದರೆ ಅಪರಾಧವಲ್ಲ ಎಂದಾಯಿತು. ಭಾರತೀಯ ರಸಾಯನಶಾಸ್ತ್ರಜ್ಞರಿಗೆ ಇಷ್ಟು ಸಾಕಾಯಿತು.

ಖ್ವಾಜಾ ಅಬ್ದುಲ್ ಹಮೀದ್ ಎಂಬ ರಸಾಯನಶಾಸ್ತ್ರಜ್ಞರು 1935ರಲ್ಲಿ ಮುಂಬೈಯಲ್ಲಿ ಸ್ಥಾಪಿಸಿದ ಸಿಪ್ಲಾ ಸಂಸ್ಥೆ ಆ ಕಾಯ್ದೆಯ ನೆರಳಿನಲ್ಲಿ ಬೃಹತ್ತಾಗಿ ಬೆಳೆಯಿತು. 2001ರಲ್ಲಿ ಅವರ ಪುತ್ರ ಯೂಸುಫ್ ಹಮೀದ್ ಅವರು ಏಡ್ಸ್ ಪೀಡಿತರ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು ಸೇವಾ ಸಂಸ್ಥೆಯೊಂದಕ್ಕೆ 350 ಡಾಲರಿಗೆ ಒದಗಿಸುವುದಾಗಿ ಘೋಷಿಸಿದಾಗ ಜಗತ್ತು ಬೆರಗಾಯಿತು. ಅಲ್ಲಿಯವರೆಗೆ ಪಾಶ್ಚಾತ್ಯ ಕಂಪೆನಿಗಳ ದರ ವರ್ಷಕ್ಕೆ 10,000 ಡಾಲರಿಗೂ ಮೇಲಿತ್ತು. ಆಫ್ರಿಕಾದಲ್ಲಿ ಲಕ್ಷಾಂತರ ಜೀವಗಳು ಉಳಿಯಲು ದಾರಿ ಮಾಡಿಕೊಟ್ಟದ್ದು ಈ ದರ. ನಮ್ಮ ಸಮುದಾಯದ ವೇದಿಕೆಗಳಲ್ಲಿ ಇಬ್ನು ಸೀನಾ, ಜಾಬಿರ್ ಇಬ್ನು ಹಯ್ಯಾನ್‌ರ ಹೆಸರುಗಳು ಮೊಳಗುತ್ತವೆ. ಹಮೀದರ ಹೆಸರು ಎಷ್ಟು ಬಾರಿ ಕೇಳಿಬಂದಿದೆ ಎಂಬುದನ್ನು ವಾಚಕರೇ ಯೋಚಿಸಲಿ.

1995ರಲ್ಲಿ ವಿಶ್ವ ವಾಣಿಜ್ಯ ಸಂಘಟನೆ ಸ್ಥಾಪನೆಯಾಯಿತು. ಅದರೊಂದಿಗೆ ಬಂದ ಟ್ರಿಪ್ಸ್ ಒಪ್ಪಂದವು ಎಲ್ಲ ಸದಸ್ಯ ರಾಷ್ಟ್ರಗಳೂ 20 ವರ್ಷಗಳ ಪೇಟೆಂಟನ್ನು, ವಸ್ತುವಿನ ಮೇಲಿನ ಹಕ್ಕನ್ನೂ ಸೇರಿಸಿ, ಒಪ್ಪಲೇಬೇಕೆಂದಿತು. ಭಾರತ 1999, 2002 ಮತ್ತು 2005ರಲ್ಲಿ ತನ್ನ ಕಾಯ್ದೆಯನ್ನು ಮೂರು ಬಾರಿ ತಿದ್ದಿತು. ಆದರೆ 2005ರ ತಿದ್ದುಪಡಿಯಲ್ಲಿ ಸಂಸತ್ತು ಒಂದು ಬೇಲಿಯನ್ನೂ ಹಾಕಿತು. ಹಳೆಯ ಔಷಧಕ್ಕೆ ಚಿಕ್ಕ ಬದಲಾವಣೆ ಮಾಡಿ, ಗುಣದಲ್ಲಿ ಹೆಚ್ಚಳ ತೋರಿಸದೆ, ಮತ್ತೆ ಪೇಟೆಂಟ್ ಕೇಳುವಂತಿಲ್ಲ ಎನ್ನುವ 3(ಡಿ) ಕಲಮೇ ಆ ಬೇಲಿ.

ಔಷಧದ ಚೀಟಿಯಲ್ಲಿ ಪೇಟೆಂಟಿನ ಲೆಕ್ಕ

ಆ ಬೇಲಿಯ ಬೆಲೆ ಏನೆಂಬುದು 2013ರ ಏಪ್ರಿಲ್ 1ರಂದು ತಿಳಿಯಿತು. ರಕ್ತದ ಕ್ಯಾನ್ಸರಿಗೆ ಬಳಸುವ ಗ್ಲಿವೆಕ್ ಔಷಧದ ಮೇಲೆ ನೊವಾರ್ಟಿಸ್ ಕಂಪೆನಿ ಕೇಳಿದ್ದ ಪೇಟೆಂಟನ್ನು ಸುಪ್ರೀಮ್ ಕೋರ್ಟ್ ಅಂದು ನಿರಾಕರಿಸಿತು. ಆ ಕಂಪೆನಿಯ ಔಷಧಕ್ಕೆ ತಿಂಗಳಿಗೆ ಸುಮಾರು 1,20,000 ರೂಪಾಯಿಯಿದ್ದರೆ ಭಾರತೀಯ ತಯಾರಕರ ಔಷಧ ಅದರ ಹತ್ತರಲ್ಲೊಂದು ಪಾಲಿಗೂ ಕಡಿಮೆ ದರಕ್ಕೆ ದೊರೆಯುತ್ತಿತ್ತು. ಅದಕ್ಕೆ ಮೊದಲು, 2012ರ ಮಾರ್ಚ್‌ನಲ್ಲಿ, ಬೇಯರ್ ಕಂಪೆನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧವನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಗೆ ಸರಕಾರ ಕಡ್ಡಾಯ ಪರವಾನಗಿ ನೀಡಿತ್ತು. ತಿಂಗಳಿಗೆ 2,80,428 ರೂಪಾಯಿಯ ಔಷಧ 8,880 ರೂಪಾಯಿಗೆ ಇಳಿಯಿತು. ಮೂಲ ಕಂಪೆನಿಗೆ ಗೌರವಧನವನ್ನೂ ನಿಗದಿಪಡಿಸಲಾಯಿತು. ಅಂದರೆ ಇದು ಕಳವಲ್ಲ, ಕಾನೂನು.

ಇಲ್ಲಿ ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. ಒತ್ತೊತ್ತಾದ ಮನೆಗಳಲ್ಲಿ, ಗಾಳಿಯಾಡದ ಕೆಲಸದ ಕೋಣೆಗಳಲ್ಲಿ ಬದುಕುವ ಬಡವರ ಬೆನ್ನು ಬಿಡದ ರೋಗ ಕ್ಷಯ. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆ ಬಂದಿದೆ. ಅದರ ಪೇಟೆಂಟಿನ ಅವಧಿಯನ್ನು ಇನ್ನೂ ನಾಲ್ಕು ವರ್ಷ ವಿಸ್ತರಿಸಿಕೊಳ್ಳುವಂಥ ಅರ್ಜಿಯನ್ನು ಜಾನ್ಸನ್ ಆ್ಯಂಡ್ ಜಾನ್ಸನ್ ಸಲ್ಲಿಸಿದಾಗ ಅದನ್ನು ವಿರೋಧಿಸಿ ನಿಂತವರಲ್ಲಿ ಕ್ಷಯದಿಂದ ಬದುಕುಳಿದ ಇಬ್ಬರು ಯುವತಿಯರಿದ್ದರು. ಒಬ್ಬರು ಭಾರತದವರು, ಮತ್ತೊಬ್ಬರು ದಕ್ಷಿಣ ಆಫ್ರಿಕಾದವರು. ಚಿಕಿತ್ಸೆಯ ದುಷ್ಪರಿಣಾಮದಿಂದ ಇಬ್ಬರೂ ಶ್ರವಣಶಕ್ತಿಯನ್ನು ಕಳಕೊಂಡಿದ್ದವರು. 2023ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಳ್ಳಿಹಾಕಿತು. ಜನಸಾಮಾನ್ಯರು ಈ ಕಾನೂನಿನ ಬಾಗಿಲು ತಟ್ಟಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಕೊರೋನಾ ಕಾಲದ ಅನುಭವ ಇನ್ನೂ ಕಹಿಯಾದುದು. 2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಕೊರೋನಾದ ಲಸಿಕೆ, ಔಷಧ, ಪರೀಕ್ಷಾ ಸಾಧನಗಳ ಮೇಲಿನ ಬೌದ್ಧಿಕ ಆಸ್ತಿಯ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ವಿಶ್ವ ವಾಣಿಜ್ಯ ಸಂಘಟನೆಯ ಮುಂದಿಟ್ಟವು. ಅದಕ್ಕೆ ಉತ್ತರ ಬಂದದ್ದು 2022ರ ಜೂನ್ 17ರಂದು, ಅದೂ ಲಸಿಕೆಗಳಿಗೆ ಮಾತ್ರ, ಹಲವು ಶರತ್ತುಗಳೊಂದಿಗೆ. ಅಷ್ಟರಲ್ಲಿ ಸಾಯಬೇಕಾದವರು ಸತ್ತಾಗಿತ್ತು. ಅದೇ ಅವಧಿಯಲ್ಲಿ ರೆಮ್ಡೆಸಿವಿರ್ ಔಷಧದ ಒಡೆತನ ಹೊಂದಿದ್ದ ಗಿಲಿಯಡ್ ಕಂಪೆನಿಯು ಭಾರತದ ಮತ್ತು ಪಾಕಿಸ್ತಾನದ ಕೆಲವು ಕಂಪೆನಿಗಳಿಗೆ ತಯಾರಿಕೆಯ ಪರವಾನಗಿ ನೀಡಿತು. ನಮ್ಮ ನೆರೆಯ ನಂಜನಗೂಡಿನಲ್ಲಿ ಕಾರ್ಖಾನೆಯುಳ್ಳ ಜುಬಿಲಂಟ್ ಸಮೂಹವೂ ಅವುಗಳಲ್ಲೊಂದು. ಮಾರಬಹುದಾದ ದೇಶಗಳು 127 ಎಂದು ನಿಗದಿಪಡಿಸಿದ್ದು ಮಾತ್ರ ಪರವಾನಗಿ ಕೊಟ್ಟ ಕಂಪೆನಿ. ತಯಾರಿಸುವ ಕೈ ನಮ್ಮದು, ಯಾರಿಗೆ ಕೊಡಬೇಕೆಂದು ಹೇಳುವ ಬಾಯಿ ಅವರದು.

ಆದರೆ ಎಲ್ಲ ದೋಷವನ್ನೂ ಪೇಟೆಂಟಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ನಮ್ಮ ಜಿಲ್ಲೆಯವರಿಗೆ ಸಾಧ್ಯವಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ಸುದ್ದಿ ದೇಶವನ್ನೇ ಕಲಕಿತು. ಅಂದು ಕೊರತೆಯಾದದ್ದು ಆಮ್ಲಜನಕ. ಆಮ್ಲಜನಕದ ಮೇಲೆ ಯಾವ ಬಹುರಾಷ್ಟ್ರೀಯ ಕಂಪೆನಿಯ ಪೇಟೆಂಟೂ ಇರಲಿಲ್ಲ. ನಿಯಮ ನಮ್ಮ ಪರವಾಗಿದ್ದರೂ ತಯಾರಿಸುವ, ಸಂಗ್ರಹಿಸುವ, ತಲುಪಿಸುವ ಶಕ್ತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆ ರಾತ್ರಿ ನಮಗೆ ತಿಳಿಸಿತು.

ಹೆಸರು ಯಾರದು, ಯಂತ್ರ ಯಾರದು?

ಈಗ ಮತ್ತೆ ರೇಷ್ಮೆಗೆ ಬರೋಣ. ಭೌಗೋಳಿಕ ಸೂಚಕಗಳ ಕಾಯ್ದೆ ರಚನೆಯಾದದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ಮೈಸೂರು ರೇಷ್ಮೆಗೆ ಈ ಮಾನ್ಯತೆ 2005ರಲ್ಲಿ ದೊರೆಯಿತು. ಅದರ ಒಡೆತನ ಸರಕಾರಿ ಸಂಸ್ಥೆಯಾದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆ ಅದಕ್ಕಿದೆ, ಆ ಗೌರವ ನ್ಯಾಯವಾದುದೇ. ಆದರೆ ಕೊಳ್ಳೇಗಾಲದ ಮಗ್ಗದಲ್ಲಿ ತಯಾರಾದ ಸೀರೆಗೆ ಆ ಹೆಸರಿನ ಆಸರೆ ಇಲ್ಲ. ಮೊಳಕಾಲ್ಮೂರಿನ ಸೀರೆ ತನ್ನ ಊರಿನ ಹೆಸರಿನಲ್ಲಿ ಮಾನ್ಯತೆ ಪಡೆದಿದೆ, ಇಳಕಲ್ ಸೀರೆ ಪಡೆದಿದೆ. ತಲೆಮಾರುಗಳಿಂದ ನೇಯುತ್ತ ಬಂದ ಕೊಳ್ಳೇಗಾಲದವರು ತಮ್ಮ ಸೀರೆಯನ್ನು ವ್ಯಾಪಾರಿಗೆ ಒಪ್ಪಿಸಿದ ಮೇಲೆ ಅದು ಯಾವ ಊರಿನ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬುದನ್ನು ಕೇಳುವವರೂ ಇಲ್ಲ.

ಇನ್ನು ನೂಲು ಬಿಚ್ಚುವವರ ಸ್ಥಿತಿ. ರಾಮನಗರ, ಶಿಡ್ಲಘಟ್ಟದಂತೆ ಕೊಳ್ಳೇಗಾಲದಲ್ಲೂ ಈ ಕಸಬಿನಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳಿವೆ. ಗೂಡು ಬೇಯುವ ಬಿಸಿನೀರಿನಲ್ಲಿ ದಿನವಿಡೀ ಕೈಯಿಟ್ಟು ಎಳೆ ಹುಡುಕುವ ಹೆಣ್ಣುಮಕ್ಕಳ ಬೆರಳುಗಳನ್ನು ನೋಡಿದವರಿಗೆ ಆ ನೂಲಿನ ಹೊಳಪಿನ ಬೆಲೆ ತಿಳಿಯುತ್ತದೆ. 2011ರಲ್ಲಿ ಕೇಂದ್ರ ಸರಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಚೀನಾದ ನೂಲು ನುಗ್ಗಿತು, ಗೂಡಿನ ದರ ಕುಸಿಯಿತು, ರೈತರು ಬೀದಿಗಿಳಿದರು. ಸುಂಕವನ್ನು ಮತ್ತೆ ಶೇ. 15ಕ್ಕೆ ಏರಿಸಿದ್ದು 2013ರಲ್ಲಿ. ಆಮದನ್ನು ತಡೆಯಬೇಕಾದರೆ ಚೀನಾದ ನೂಲಿಗೆ ಸಮನಾದ ನೂಲು ನಮ್ಮಲ್ಲಿಯೂ ತಯಾರಾಗಬೇಕು. ಅದಕ್ಕೆ ಸ್ವಯಂಚಾಲಿತ ಯಂತ್ರ ಬೇಕು. ಆ ಯಂತ್ರವೂ ಹೆಚ್ಚಾಗಿ ಬಂದದ್ದು ಚೀನಾದಿಂದಲೇ!

ಇತ್ತೀಚೆಗೆ ರೀಲಿಂಗ್ ಘಟಕವೊಂದಕ್ಕೆ ನಾವು ಭೇಟಿ ನೀಡಿದ್ದಾಗ ಅದರ ಹಿರಿಯ ಮಾಲಕರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ. "ಮೌಲವಿ ಸಾಬ್, ಸಾಲ ಮಾಡಿ ಯಂತ್ರ ತಂದೆವು. ಓಡುವ ತನಕ ಅದು ನಮ್ಮದು. ಕೆಟ್ಟು ನಿಂತ ದಿನ ಅದು ನಮ್ಮದಲ್ಲ. ಒಳಗೆ ಏನಿದೆ ಎಂದು ಬಿಚ್ಚಿ ನೋಡುವ ಹುಡುಗ ಈ ಊರಿನಲ್ಲಿ ಒಬ್ಬನೂ ಇಲ್ಲ." ಅವರಿಗೆ ಟ್ರಿಪ್ಸ್ ಒಪ್ಪಂದದ ಹೆಸರು ಗೊತ್ತಿರಲಿಲ್ಲ. ಆದರೆ ಅಭಿವೃದ್ಧಿಶೀಲ ರಾಷ್ಟ್ರಗಳ ಕೈಗಾರಿಕೆಯ ಇಡೀ ಸಮಸ್ಯೆಯನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಯಂತ್ರವನ್ನು ಕೊಳ್ಳುವುದು ವ್ಯಾಪಾರ. ಅದನ್ನು ಬಿಚ್ಚಿ, ಅರಿತು, ದುರಸ್ತಿ ಮಾಡಿ, ನಮಗೆ ಬೇಕಾದಂತೆ ಮಾರ್ಪಡಿಸುವುದು ಕೈಗಾರಿಕೆ.

ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಇದೇ ಕಥೆ ಬೇರೆ ರೂಪದಲ್ಲಿದೆ. ಜೇನು, ನೆಲ್ಲಿ, ಮಾಗಳಿ ಬೇರು ಎಲ್ಲಿ ಸಿಗುತ್ತದೆ, ಯಾವಾಗ ತೆಗೆಯಬೇಕು, ಎಷ್ಟು ಉಳಿಸಬೇಕು ಎಂಬ ಜ್ಞಾನ ಅಲ್ಲಿನ ಸೋಲಿಗರದು. 2011ರಲ್ಲಿ ಅವರ ಅನೇಕ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಗಳು ದೊರೆತವು. ಕಾಡಿನ ಸಂಪತ್ತನ್ನೂ ಅದರ ಕುರಿತ ಜ್ಞಾನವನ್ನೂ ಬಳಸುವ ಕಂಪೆನಿಗಳು ಸ್ಥಳೀಯರೊಂದಿಗೆ ಲಾಭ ಹಂಚಿಕೊಳ್ಳಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳಿತ್ತು. 2023ರ ತಿದ್ದುಪಡಿಯು ಸಂಕೇತೀಕೃತ ಪಾರಂಪರಿಕ ಜ್ಞಾನದ ಬಳಕೆದಾರರಿಗೆ ವಿನಾಯಿತಿ ನೀಡಿ ಆ ಹಿಡಿತವನ್ನು ಸಡಿಲಿಸಿತು. ಅಮೆರಿಕದ ಕಂಪೆನಿ ನಮ್ಮ ಜ್ಞಾನವನ್ನು ಕೊಂಡೊಯ್ದರೆ ಅದು ಕಳವು, ನಮ್ಮದೇ ನಗರದ ಕಂಪೆನಿ ಸೋಲಿಗರ ಜ್ಞಾನವನ್ನು ಕೊಂಡೊಯ್ದರೆ ಅದು ಅಭಿವೃದ್ಧಿ ಎನ್ನುವುದು ಯಾವ ನ್ಯಾಯ?

ಶರೀಅತ್ ಏನೆನ್ನುತ್ತದೆ?

ಪೇಟೆಂಟ್ ಎಂಬುದೇ ಅನ್ಯಾಯ ಎನ್ನುವವರೂ ಇದ್ದಾರೆ. ನಾವು ಆ ಪಂಗಡದವರಲ್ಲ. ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1988ರಲ್ಲಿ ಕುವೈತ್‌ನಲ್ಲಿ ನಡೆದ ತನ್ನ ಅಧಿವೇಶನದಲ್ಲಿ ವ್ಯಾಪಾರದ ಹೆಸರು, ಗ್ರಂಥಕರ್ತನ ಹಕ್ಕು, ಸಂಶೋಧಕನ ಹಕ್ಕು ಇವೆಲ್ಲವೂ ಬೆಲೆಯುಳ್ಳ ಹಕ್ಕುಗಳು, ಅವನ್ನು ಅತಿಕ್ರಮಿಸುವಂತಿಲ್ಲ ಎಂದು ನಿರ್ಣಯಿಸಿದೆ. ದುಡಿದವನಿಗೆ ಅವನ ದುಡಿಮೆಯ ಫಲ ಸಿಗಲೇಬೇಕು. ಆದರೆ ಅದೇ ಶರೀಅತ್ತಿನಲ್ಲಿ ಇಹ್ತಿಕಾರ್ ನಿಷಿದ್ಧ. ಜನರಿಗೆ ಅತ್ಯಗತ್ಯವಾದುದನ್ನು ಬೆಲೆಯೇರಲೆಂದು ತಡೆಹಿಡಿಯುವ ವ್ಯಾಪಾರಿ ಪಾಪಿಯೆನಿಸುತ್ತಾನೆ. ಪ್ರಯೋಜನಕಾರಿ ಜ್ಞಾನವನ್ನು ಬಚ್ಚಿಡುವುದೂ ನಿಂದ್ಯ. ಒಡೆತನಕ್ಕೆ ಮಾನ್ಯತೆಯಿದೆ, ಆದರೆ ಒಡೆತನವು ಪ್ರಾಣಕ್ಕಿಂತ ಮೇಲಲ್ಲ. ವಿಚಿತ್ರವೆಂದರೆ, 2001ರ ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ್ದ ವಿಶ್ವ ವಾಣಿಜ್ಯ ಸಂಘಟನೆಯ ಸಚಿವರೂ, ಟ್ರಿಪ್ಸ್ ಒಪ್ಪಂದವು ರಾಷ್ಟ್ರಗಳು ತಮ್ಮ ಜನರ ಆರೋಗ್ಯ ರಕ್ಷಿಸುವುದಕ್ಕೆ ಅಡ್ಡಿಯಾಗಬಾರದೆಂದು ಒಪ್ಪಿ ಘೋಷಿಸಿದ್ದರು. ಘೋಷಣೆಯಿದೆ, ಅದನ್ನು ಬಳಸುವ ಧೈರ್ಯವಿಲ್ಲ. ನೆಕ್ಸಾವರ್‌ನ ನಂತರ ಭಾರತ ಇನ್ನೊಂದು ಔಷಧಕ್ಕೆ ಕಡ್ಡಾಯ ಪರವಾನಗಿ ನೀಡಿಲ್ಲ.

ಪೇಟೆಂಟ್ ಇಲ್ಲದಿದ್ದರೆ ಸಂಶೋಧನೆಗೆ ಹಣ ಸುರಿಯುವವರು ಯಾರು ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. 1970ರ ಕಾಯ್ದೆಯು ಅಗ್ಗದ ಔಷಧ ತಯಾರಿಸುವುದನ್ನು ನಮಗೆ ಕಲಿಸಿತು, ಹೊಸ ಔಷಧ ಕಂಡುಹಿಡಿಯುವುದನ್ನು ಅಷ್ಟಾಗಿ ಕಲಿಸಲಿಲ್ಲ ಎಂಬ ಟೀಕೆಯಲ್ಲಿಯೂ ಸತ್ಯಾಂಶವಿದೆ. ಇಂದಿಗೂ ಔಷಧದ ಮೂಲವಸ್ತುಗಳ ದೊಡ್ಡ ಪಾಲಿಗೆ ನಾವು ಚೀನಾವನ್ನೇ ನೆಚ್ಚಿಕೊಂಡಿದ್ದೇವೆ. ಆದರೆ ಈಗಷ್ಟೇ ನಡೆಯಲು ಕಲಿಯುತ್ತಿರುವ ಮಗುವನ್ನೂ ಓಟಗಾರನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ, ನಿಯಮ ಇಬ್ಬರಿಗೂ ಸಮಾನ ಎನ್ನುವುದನ್ನು ಯಾರೂ ನ್ಯಾಯವೆಂದು ಕರೆಯಲಾರರು.

ಇಂದು ಒತ್ತಡ ಬರುತ್ತಿರುವುದು ಜಿನೀವಾದಿಂದಲ್ಲ, ಒಂದೊಂದೇ ರಾಷ್ಟ್ರದೊಂದಿಗೆ ಏರ್ಪಡುವ ವ್ಯಾಪಾರ ಒಪ್ಪಂದಗಳ ಮೂಲಕ. 2024ರ ಮಾರ್ಚ್‌ನಲ್ಲಿ ಸ್ವಿಟ್ಸರ್ಲೆಂಡ್ ಸೇರಿದಂತೆ ನಾಲ್ಕು ಯುರೋಪಿಯನ್ ರಾಷ್ಟ್ರಗಳ ಕೂಟದೊಂದಿಗೆ ಒಪ್ಪಂದವಾಯಿತು. ಅದೇ ತಿಂಗಳು ಪೇಟೆಂಟ್ ನಿಯಮಗಳಿಗೂ ತಿದ್ದುಪಡಿಯಾಯಿತು. ಪೇಟೆಂಟ್ ಹೊಂದಿದವರು ಅದನ್ನು ಭಾರತದಲ್ಲಿ ಬಳಸುತ್ತಿದ್ದೇವೆಯೇ ಎಂದು ಪ್ರತಿವರ್ಷ ಸಲ್ಲಿಸಬೇಕಿದ್ದ ವಿವರವನ್ನು ಇನ್ನು ಮೂರು ವರ್ಷಗಳಿಗೊಮ್ಮೆ ಸಲ್ಲಿಸಿದರೆ ಸಾಕು. ಅಯ್ಯಂಗಾರ್ ಅವರು 1959ರಲ್ಲಿ ಕೇಳಿದ್ದ ಪ್ರಶ್ನೆಯೇ ಇದು. ಅದನ್ನು ಕೇಳುವ ಪರಿಪಾಠವನ್ನೇ ನಾವು ವಿರಳಗೊಳಿಸಿದೆವು. 2025ರ ಜುಲೈಯಲ್ಲಿ ಬ್ರಿಟನ್ನಿನೊಂದಿಗೆ ಸಹಿ ಹಾಕಿದ ಒಪ್ಪಂದವು ಔಷಧ ದೊರಕಿಸಲು ಕಂಪೆನಿಗಳ ಸ್ವಯಂಪ್ರೇರಿತ ಪರವಾನಗಿಯೇ ಉತ್ತಮ ದಾರಿಯೆಂಬ ಧಾಟಿಯಲ್ಲಿದೆ. ಕಂಪೆನಿಗೆ ಮನಸ್ಸಿಲ್ಲದಿದ್ದರೆ ರೋಗಿ ಎಲ್ಲಿಗೆ ಹೋಗಬೇಕು?

ನಾವು ಮಾಡಬೇಕಾದುದು

ಸರಕಾರದಿಂದ ಕೇಳಬೇಕಾದ ಬೇಡಿಕೆಗಳು ಸ್ಪಷ್ಟ. 3(ಡಿ) ಕಲಮನ್ನು ಯಾವ ಒಪ್ಪಂದದಲ್ಲಿಯೂ ಬಿಟ್ಟುಕೊಡಬಾರದು. ಕಡ್ಡಾಯ ಪರವಾನಗಿಯ ಅಧಿಕಾರವನ್ನು ಕಪಾಟಿನಲ್ಲಿಟ್ಟು ತುಕ್ಕು ಹಿಡಿಸಬಾರದು. ಜಿಲ್ಲೆಯ ಜನಪ್ರತಿನಿಧಿಗಳು ಅರಿಶಿನದ ಸಂಸ್ಕರಣೆ ಇಲ್ಲಿಯೇ ನಡೆಯುವಂಥ ಘಟಕಗಳಿಗಾಗಿ ಒತ್ತಾಯಿಸಬೇಕು. ಚುನಾವಣೆ ಬಂದಾಗ ಶಾದಿಮಹಲಿನ ಅನುದಾನವನ್ನಷ್ಟೇ ಕೇಳುವ ನಮ್ಮ ಮುಖಂಡರು ಒಮ್ಮೆಯಾದರೂ ರೀಲಿಂಗ್ ಯಂತ್ರಗಳ ದುರಸ್ತಿ ಕಲಿಸುವ ತರಬೇತಿ ಕೇಂದ್ರವನ್ನು ಕೇಳಲಿ.

ಕೊಳ್ಳೇಗಾಲದ ನೇಕಾರರು, ರೀಲರುಗಳು, ಬೆಳೆಗಾರರು ಜಾತಿ ಧರ್ಮದ ಭೇದವಿಲ್ಲದೆ ಒಂದು ಸಂಘವಾಗಿ ತಮ್ಮ ಸೀರೆಯ ಹೆಸರಿಗೆ ಮಾನ್ಯತೆ ಕೋರುವುದು ಅಸಾಧ್ಯದ ಕೆಲಸವಲ್ಲ. ಭೌಗೋಳಿಕ ಸೂಚಕವು ಒಬ್ಬ ವ್ಯಕ್ತಿಗೆ ಸಿಗುವ ಹಕ್ಕಲ್ಲ, ಉತ್ಪಾದಕರ ಸಮೂಹಕ್ಕೆ ಸಿಗುವಂಥದ್ದು. ಮಾನ್ಯತೆ ಪಡೆದ ಹೆಸರನ್ನು ಬಳಸಲು ಉತ್ಪಾದಕರು ತೆರಬೇಕಾದ ನೋಂದಣಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಗಿದೆ. ಬಡತನ ಇಲ್ಲಿ ನೆಪವಾಗಲಾರದು, ಒಡಕು ಮಾತ್ರ ಆಗಬಹುದು. ಹೆಸರೊಂದರಿಂದಲೇ ಹೊಟ್ಟೆ ತುಂಬದು, ಗುಣಮಟ್ಟವನ್ನು ಕಾಯುವ ಶಿಸ್ತೂ ಬೇಕು.

ಕೊನೆಯದಾಗಿ ನಮ್ಮ ಮನೆಗಳ ಮಾತು. 20 ವರ್ಷ ತುಂಬಿದ ಪೇಟೆಂಟ್ ಯಾರ ಸ್ವತ್ತೂ ಅಲ್ಲ. ಅವಧಿ ಮುಗಿದ ಲಕ್ಷಾಂತರ ಸಂಶೋಧನೆಗಳು ಚಿತ್ರ ವಿವರಣೆಗಳ ಸಹಿತ ಸಾರ್ವಜನಿಕವಾಗಿ ತೆರೆದಿವೆ, ಶುಲ್ಕವಿಲ್ಲದೆ ಓದಬಹುದು, ತಯಾರಿಸಬಹುದು. ಯಾವ ಸಾಮ್ರಾಜ್ಯಶಾಹಿಯೂ ಅದಕ್ಕೆ ಬೀಗ ಹಾಕಿಲ್ಲ. ಆದರೆ ಅದನ್ನು ಓದಬಲ್ಲ ಹುಡುಗ, ಹುಡುಗಿ ಎಲ್ಲಿದ್ದಾರೆ? ಹತ್ತನೆಯ ತರಗತಿಗೆ ಶಾಲೆ ಬಿಡಿಸಿ ಮಗನನ್ನು ಗ್ಯಾರೇಜಿಗೂ ಮಗಳನ್ನು ಬಿಸಿನೀರಿನ ಬೇಸಿನ್ನಿನ ಮುಂದೆಯೂ ಕೂರಿಸುವ ತನಕ ಜ್ಞಾನದ ಬಾಗಿಲು ತೆರೆದಿದ್ದರೂ ನಮಗೆ ಮುಚ್ಚಿದ್ದಂತೆಯೇ. ಮದ್ರಸದಲ್ಲಿ ಕಲಿತ ನಮ್ಮಂಥವರ ಹೊಣೆಯೂ ಇದೆ. ಅರಿಶಿನದ ಮೊಕದ್ದಮೆಯಲ್ಲಿ ಉರ್ದು ಬರಹಗಳು ದೇಶಕ್ಕೆ ಸಾಕ್ಷಿ ನುಡಿದವು. 2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದಲ್ಲಿ ಅರಬಿ, ಫಾರಸಿ, ಉರ್ದು ಭಾಷೆಗಳ ಯೂನಾನಿ ಗ್ರಂಥಗಳ ಸಾರವನ್ನೂ ಸೇರಿಸಲಾಗಿದೆ. ಹಳೆಯ ಹಕೀಮರ ಮನೆಗಳಲ್ಲಿ ಗೆದ್ದಲು ತಿನ್ನುತ್ತಿರುವ ಕೈಬರಹಗಳನ್ನು ಓದಬಲ್ಲವರು ಮದ್ರಸದವರೇ. ಅದನ್ನು ಉಳಿಸುವುದು ದೀನಿನ ಸೇವೆಯೂ ಹೌದು, ದೇಶದ ಸೇವೆಯೂ ಹೌದು.

ಟಿಪ್ಪು ಸುಲ್ತಾನರು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗರನ್ನು ಬಂಗಾಳಕ್ಕೆ ಕಳುಹಿಸಿದ್ದು ರೇಷ್ಮೆ ಸೀರೆ ಕೊಂಡು ತರಲಿಕ್ಕಲ್ಲ, ರೇಷ್ಮೆಯ ವಿದ್ಯೆ ತರಲಿಕ್ಕೆ. ಅವರ ಜಯಂತಿ ಬೇಕೇ ಬೇಡವೇ ಎಂದು ನಾವು ವರ್ಷಗಟ್ಟಲೆ ಕಾದಾಡಿದ್ದೇವೆ. ಅವರ ಆ ಒಂದು ಪತ್ರದ ಅರ್ಥವನ್ನು ತಿಳಿದುಕೊಳ್ಳುವುದು ಇನ್ನೂ ಬಾಕಿಯಿದೆ. ನಮ್ಮ ಮೊಹಲ್ಲಾಗಳಿಂದ ಈ ವರ್ಷ ವಿದ್ಯೆ ತರಲು ಹೊರಡುವ ಇಬ್ಬರು ಯಾರು?